ಕುತುಜ್ ಮತ್ತು ಬೈಬರ್ಸ್

ಪ್ರಿಯ ಓದುಗರೇ,

1260ರಲ್ಲಿ ಮಂಗೋಲರನ್ನು ತಡೆದ ಈಜಿಪ್ಟಿನ ಸುಲ್ತಾನ ಕುತುಜ್ ಕುರಿತ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶರಣಾಗೆಂದು ಮಂಗೋಲ್ ದೊರೆ ಹುಲಾಗು ಕಳುಹಿಸಿದ ದೂತರನ್ನು ಕೊಲ್ಲಿಸಿ, ತಲೆಗಳನ್ನು ಕೈರೋದ ಜುವೈಲಾ ಬಾಗಿಲಿಗೆ ತೂಗುಹಾಕಿಸಿದ ಎದೆಗಾರಿಕೆಯೇ ಇಂದಿನ ನಾಯಕರಿಗೆ ಪಾಠ ಎಂದಿದ್ದೀರಿ.

ಇದನ್ನು ನಾನು ಒಪ್ಪಲಾರೆ. ದೂತನನ್ನು ಕೊಲ್ಲಬಾರದೆಂದು ವಿಭೀಷಣ ಅಣ್ಣನಿಗೆ ಹೇಳಿದ್ದನ್ನು ಕೇಳುತ್ತಲೇ ಬೆಳೆದವರು ನಾವು. ಕುತುಜ್‌ಗಿಂತ ಸುಮಾರು ನಲವತ್ತು ವರ್ಷ ಹಿಂದೆ ಮಧ್ಯ ಏಷ್ಯಾದ ಖ್ವಾರಜ್ಮ್ ರಾಜ್ಯದ ಶಾಹನೂ ಚಂಗೀಸ್ ಖಾನನ ದೂತನನ್ನು ಕೊಲ್ಲಿಸಿದ್ದ. ಅವನ ರಾಜ್ಯವೇ ಉಳಿಯಲಿಲ್ಲ. ಕುತುಜ್ ಗೆದ್ದದ್ದಕ್ಕೆ ಕಾರಣ ಬೇರೆ ಇರಲೇಬೇಕು.

ಹುಲಾಗು ತನ್ನ ಸೇನೆಯ ಬಹುಭಾಗದೊಂದಿಗೆ ಹಿಂದಿರುಗಿದ್ದು, ಪ್ಯಾಲೆಸ್ತೀನಿನ ಕರಾವಳಿಯ ಅಕ್ರೆ ಪಟ್ಟಣವನ್ನು ಆಳುತ್ತಿದ್ದ ಕ್ರೈಸ್ತರು ಈಜಿಪ್ಟಿನ ಸೇನೆಗೆ ದಾರಿ ಬಿಟ್ಟದ್ದು ಅನುಕೂಲವಾಯಿತು, ನಿಜ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಈಜಿಪ್ಟಿನ ಸೇನಾನಿ ಬೈಬರ್ಸ್‌ನ ವಿಷಯ. 1254ರಲ್ಲಿ ಬೈಬರ್ಸ್‌ನ ನಾಯಕ ಅಕ್ತಾಯ್‌ನ ಕೊಲೆಯಲ್ಲಿ ಕುತುಜ್‌ನ ಕೈಯಿತ್ತು. ಜೀವ ಉಳಿಸಿಕೊಳ್ಳಲು ಬೈಬರ್ಸ್ ಸಿರಿಯಾಕ್ಕೆ ಓಡಿದ್ದ. 1258ರಲ್ಲಿ ಬಾಗ್ದಾದ್ ಮಂಗೋಲರ ವಶವಾಯಿತು. 1260ರಲ್ಲಿ ಅಲೆಪ್ಪೊ, ದಮಾಸ್ಕಸ್ ಕೂಡ ಹೋದವು. ಆಗ ಮರಳಿ ಬಂದ ಆ ಹಗೆಯನ್ನು ಕುತುಜ್ ಸ್ವಾಗತಿಸಿದ, ಜಹಗೀರು ಕೊಟ್ಟ, ಮುಂಚೂಣಿ ದಳವನ್ನೇ ಅವನ ಕೈಗಿತ್ತ. ಸೇಡನ್ನು ಬದಿಗಿಟ್ಟು ಸಮರ್ಥನಿಗೆ ಜಾಗ ಕೊಡುವುದು ದೂತರ ತಲೆ ಕಡಿಸುವುದಕ್ಕಿಂತ ಎಷ್ಟು ಕಷ್ಟ!

ಯುದ್ಧಕ್ಕೆ ಹೊರಟ ದಾರಿಯಲ್ಲಿ ಸಾಲಿಹಿಯಾದ ಬಳಿ ಅಮೀರರು, ಅಂದರೆ ಸೇನೆಯ ಸರದಾರರು, ಮುಂದೆ ಹೋಗಲು ಒಪ್ಪಲಿಲ್ಲ. ಇಷ್ಟು ಕಾಲ ಖಜಾನೆಯ ಹಣ ಉಂಡವರಿಗೆ ಈಗ ಯುದ್ಧ ಬೇಡವೇ, ನಾನಂತೂ ಹೊರಟೆ, ಬರುವವರು ಬನ್ನಿ ಎಂದು ಕುತುಜ್ ಹೇಳಿದನೆಂದು ಚರಿತ್ರಕಾರ ಮಕ್ರೀಜಿ ಬರೆಯುತ್ತಾನೆ. ಅವರು ಹಿಂಬಾಲಿಸಿದರು. ಸೆಪ್ಟೆಂಬರ್ 3, 1260ರಂದು ಪ್ಯಾಲೆಸ್ತೀನಿನ ಐನ್ ಜಾಲೂತ್‌ನಲ್ಲಿ ನಡೆದ ಯುದ್ಧದಲ್ಲಿ ತನ್ನ ಸೇನೆಯ ಎಡಪಕ್ಕ ಕುಸಿಯತೊಡಗಿದಾಗ ಶಿರಸ್ತ್ರಾಣ ಕಿತ್ತೆಸೆದು ಸುಲ್ತಾನನೇ ನುಗ್ಗಿದ. ಮಂಗೋಲ್ ಸೇನಾಪತಿ ಕಿತ್ಬುಕಾ ಸತ್ತ.

ನೀವು ಬರೆಯದೆ ಬಿಟ್ಟ ಭಾಗವೊಂದಿದೆ. ಅದಿಲ್ಲದೆ ಈ ಕಥೆಯನ್ನು ಮಾದರಿಯೆಂದು ಎತ್ತಿ ಹಿಡಿಯಬಾರದು. ಗೆದ್ದ ಮೇಲೆ ಬೈಬರ್ಸ್ ಅಲೆಪ್ಪೊದ ಆಡಳಿತವನ್ನು ನಿರೀಕ್ಷಿಸಿದ್ದ. ಕುತುಜ್ ಅದನ್ನು ಬೇರೊಬ್ಬನಿಗೆ ಕೊಟ್ಟ. ಆಪತ್ತಿನಲ್ಲಿ ತೋರಿದ ಔದಾರ್ಯ ಗೆಲುವಿನಲ್ಲಿ ಉಳಿಯಲಿಲ್ಲ. ಅಕ್ಟೋಬರ್‌ನಲ್ಲಿ, ಮರಳುವ ದಾರಿಯಲ್ಲೇ, ಬೈಬರ್ಸ್ ಮತ್ತು ಇತರ ಅಮೀರರು ಅವನನ್ನು ಕೊಂದರು. ಕುತುಜ್‌ನ ಸ್ವಾಗತಕ್ಕೆಂದು ಸಿಂಗರಿಸಿಕೊಂಡಿದ್ದ ಕೈರೋ ಬೈಬರ್ಸ್‌ನನ್ನು ಸುಲ್ತಾನನೆಂದು ಒಳಗೆ ಕರೆದುಕೊಂಡಿತು.

ಸಂಪಾದಕ