ವೆಂಟಿಲೇಟರ್ ಮೇಲಿರುವ ತಂದೆಯನ್ನು ಎಬ್ಬಿಸಿ ಕೂರಿಸಬಹುದೇ?

ಪ್ರಶ್ನೆ: ತಂದೆಗೆ 62 ವರ್ಷ. ನ್ಯುಮೋನಿಯಾ ಬಿಗಡಾಯಿಸಿ, ಸೆಪ್ಸಿಸ್ (ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಗಳಿಗೇ ಹಾನಿಯಾಗುವ ಸ್ಥಿತಿ) ಆಗಿ ಐದು ದಿನಗಳಿಂದ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಇಷ್ಟು ದಿನ ಫಿಸಿಯೋಥೆರಪಿಸ್ಟ್ ಮಲಗಿಸಿಯೇ ಕೈಕಾಲು ಆಡಿಸುತ್ತಿದ್ದರು. ನಾಳೆ ಬಾಯಲ್ಲಿ ಟ್ಯೂಬ್ ಇರುವಾಗಲೇ ಮಂಚದ ಅಂಚಿನಲ್ಲಿ ಕೂರಿಸುತ್ತಾರಂತೆ. ಇಷ್ಟು ನಿತ್ರಾಣವಾಗಿರುವವರಿಗೆ ವಿಶ್ರಾಂತಿ ಬೇಡವೇ? ನಾವೇನು ಮಾಡಬಹುದು?

ಉತ್ತರ: ನಿಮ್ಮ ಆತಂಕ ಸಹಜ. ಆದರೆ ಐಸಿಯುನಲ್ಲಿ ಅಲುಗಾಡದೆ ಮಲಗಿರುವುದು ವಿಶ್ರಾಂತಿಯಲ್ಲ, ಸ್ನಾಯುಗಳ ಮಟ್ಟಿಗೆ ಅದು ನಷ್ಟವೇ. ಗಂಭೀರ ಕಾಯಿಲೆಯಲ್ಲಿ ದೇಹ ತನ್ನ ಸ್ನಾಯುವನ್ನೇ ಒಡೆದು ಬಳಸಿಕೊಳ್ಳುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡ್‌ನಿಂದ ಅಳೆದು ನೋಡಿದರು. ಹತ್ತು ದಿನಗಳಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ ಸರಾಸರಿ ಸುಮಾರು 18% ಕುಗ್ಗಿತ್ತು. ಹಲವು ಅಂಗಗಳು ಕೈಕೊಟ್ಟವರಲ್ಲಿ ನಷ್ಟ ಇನ್ನೂ ಹೆಚ್ಚು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯೂ ಸೊರಗುವುದರಿಂದ ವೆಂಟಿಲೇಟರ್ ಬಿಡಿಸುವುದು ತಡವಾಗುತ್ತದೆ.

ಹಾಗೆಂದು ಎಲ್ಲರನ್ನೂ ಯಾವಾಗಲೆಂದರೆ ಆವಾಗ ಎಬ್ಬಿಸುವುದಿಲ್ಲ. ವೆಂಟಿಲೇಟರ್ ಕೊಡುವ ಗಾಳಿಯಲ್ಲಿ ಆಮ್ಲಜನಕ 60% ಅಥವಾ ಅದಕ್ಕಿಂತ ಕಡಿಮೆ ಇದ್ದರೂ ಸಾಕಾಗುತ್ತಿರಬೇಕು, ರಕ್ತದಲ್ಲಿ ಅದರ ಮಟ್ಟ 90%ಗಿಂತ ಮೇಲಿರಬೇಕು, ಉಸಿರಾಟ ನಿಮಿಷಕ್ಕೆ 30 ದಾಟಬಾರದು. ಬಿಪಿ ಏರಿಸುವ ಔಷಧದ ಪ್ರಮಾಣ ಏರುತ್ತಲೇ ಇದ್ದರೆ, ಹೃದಯದ ಲಯ ತಪ್ಪಿದ್ದರೆ, ಎಲ್ಲಾದರೂ ರಕ್ತಸ್ರಾವ ನಿಲ್ಲದಿದ್ದರೆ ಆ ದಿನ ಮುಂದೂಡುತ್ತಾರೆ. ಬಾಯಲ್ಲಿ ಟ್ಯೂಬ್ ಇರುವುದೊಂದೇ ತಡೆಯಲ್ಲ.

ನಿಜವಾದ ತಡೆ ಬಹಳ ಸಲ ಮಂಪರಿನ ಔಷಧ. ರೋಗಿ ಗಾಢ ನಿದ್ದೆಯಲ್ಲಿದ್ದರೆ ಬೇರೆಯವರು ಕಾಲು ಆಡಿಸಬಹುದು ಅಷ್ಟೇ. ಅದರಿಂದ ಕೀಲು ಬಿಗಿಯಾಗದಂತೆ ತಡೆಯಬಹುದು, ಸ್ನಾಯುವಿಗೆ ಬಲ ಬರುವುದಿಲ್ಲ. ಬಲ ಬರಬೇಕಾದರೆ ಅವರೇ ಪ್ರಯತ್ನಿಸಬೇಕು. ಹಾಗಾಗಿ ವೈದ್ಯರನ್ನು ದಿನವೂ ಕೇಳಬೇಕಾದ ಮೊದಲ ಪ್ರಶ್ನೆ: ‘ಇವತ್ತು ಮಂಪರಿನ ಔಷಧ ಕಡಿಮೆ ಮಾಡಿ ನೋಡಬಹುದೇ?’ ಕರೆದರೆ ಕಣ್ಣು ತೆರೆದು ‘ಕೈ ಹಿಸುಕಿ, ನಾಲಿಗೆ ಚಾಚಿ’ ಎಂದಾಗ ಮಾಡುವಷ್ಟು ಎಚ್ಚರವಿದ್ದರೆ ನಿಜವಾದ ವ್ಯಾಯಾಮ ಶುರು.

ನಾಳೆ ಏನು ನಡೆಯುತ್ತದೆ? ಮೊದಲು ತಲೆಭಾಗ ಎತ್ತರಿಸಿ ಕೆಲವು ನಿಮಿಷ ಬಿಪಿ ಗಮನಿಸುತ್ತಾರೆ. ಉಸಿರಿನ ಟ್ಯೂಬನ್ನು ಒಬ್ಬರು ಹಿಡಿದೇ ಇರುತ್ತಾರೆ. ಮೂತ್ರದ ಚೀಲ, ಡ್ರಿಪ್ ಲೈನುಗಳು ಎಳೆಯದಂತೆ ಒಂದೇ ಬದಿಗೆ ತರುತ್ತಾರೆ. ಆಮೇಲೆ ಪಕ್ಕಕ್ಕೆ ಹೊರಳಿಸಿ, ಕಾಲು ಇಳಿಬಿಟ್ಟು, ಬೆನ್ನಿಗೆ ಆಸರೆ ಕೊಟ್ಟು ಕೂರಿಸುತ್ತಾರೆ. ಮೊದಲ ದಿನ ಐದು ನಿಮಿಷವೂ ದೊಡ್ಡದೇ. ತಲೆ ಸುತ್ತಿ ಬಿಪಿ ಬಿದ್ದರೆ, ಆಮ್ಲಜನಕ ಇಳಿದರೆ, ತಕ್ಷಣ ಮಲಗಿಸುತ್ತಾರೆ. ಅದು ಸೋಲಲ್ಲ, ಮರುದಿನ ಮತ್ತೆ ಯತ್ನಿಸಬಹುದು. ಕೂರುವುದು ಸಲೀಸಾದ ಮೇಲೆ ನಿಲ್ಲುವುದು, ಕುರ್ಚಿಗೆ ಹೋಗುವುದು, ಹೆಜ್ಜೆ ಹಾಕುವುದು.

‘ಇನ್ನೂ ಜಾಸ್ತಿ ಮಾಡಿಸಿ’ ಎಂದು ಒತ್ತಾಯಿಸಬೇಡಿ. 750 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿಗಿಂತ ಹೆಚ್ಚು ಹೊತ್ತು ವ್ಯಾಯಾಮ ಮಾಡಿಸಿದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹೃದಯದ ಲಯ ತಪ್ಪುವುದು, ಬಿಪಿ ಏರುಪೇರಾಗುವುದು, ಆಮ್ಲಜನಕ ಇಳಿಯುವುದು ಅವರಲ್ಲೇ ಹೆಚ್ಚಾಯಿತು. ನಮ್ಮ ಅಭಿಪ್ರಾಯದಲ್ಲಿ ದಿನ ತಪ್ಪದೆ, ಅವರ ಶಕ್ತಿಗೆ ತಕ್ಕಷ್ಟು ಮಾಡಿಸುವುದೇ ಮುಖ್ಯ.

ನಿಮ್ಮ ಪಾತ್ರವೂ ಸಣ್ಣದಲ್ಲ. ಕನ್ನಡಕ, ಶ್ರವಣ ಸಾಧನ ತಂದುಕೊಡಿ. ಸರಿಯಾಗಿ ಕಾಣದೆ, ಕೇಳದೆ ಇದ್ದರೆ ಗೊಂದಲ ಹೆಚ್ಚಿ ಸಹಕರಿಸಲಾರರು. ಕಾಯಿಲೆಗೆ ಮುಂಚೆ ಎಷ್ಟು ನಡೆಯುತ್ತಿದ್ದರು, ಮಂಡಿನೋವಿತ್ತೇ ಎಂದು ಫಿಸಿಯೋಥೆರಪಿಸ್ಟ್‌ಗೆ ತಿಳಿಸಿ. ಅವರು ಒಪ್ಪಿದರೆ, ಎಚ್ಚರವಿದ್ದಾಗ ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಲು, ಕೈ ಮುಷ್ಟಿ ಕಟ್ಟಿ ಬಿಡಲು ಹೇಳಿ. ಕಾಲು ಹೊರಕ್ಕೆ ವಾಲಿ ಮಂಡಿಯ ಹೊರಬದಿ ಹಾಸಿಗೆಗೆ ಒತ್ತುತ್ತಿದ್ದರೆ ನರ್ಸ್‌ಗೆ ಹೇಳಿ. ಅಲ್ಲಿ ನರ ಅದುಮಿಕೊಂಡರೆ ಪಾದ ಜೋತುಬೀಳುತ್ತದೆ. ಮೀನಖಂಡವನ್ನು ನೀವಾಗಿಯೇ ತಿಕ್ಕಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುತ್ತದೆ. ಎತ್ತುವಾಗ ತೋಳು ಹಿಡಿದು ಎಳೆಯಬೇಡಿ, ಬಲವಿಲ್ಲದ ಭುಜ ಜಾರಬಹುದು.

ಟ್ಯೂಬ್ ತೆಗೆದ ಕೂಡಲೇ ಪ್ರೀತಿಯಿಂದ ನೀರು ಕುಡಿಸುವುದು ಅಪಾಯ. ಗಂಟಲಿನ ಸ್ನಾಯುಗಳೂ ಸೋತಿರುತ್ತವೆ, ನೀರು ಶ್ವಾಸಕೋಶಕ್ಕೆ ಇಳಿಯಬಹುದು. ನುಂಗುವುದನ್ನು ಪರೀಕ್ಷಿಸಿದ ಮೇಲಷ್ಟೇ ಕೊಡಿ.

ಪೂರ್ಣ ಎಚ್ಚರವಾದ ಮೇಲೆ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದಗಳ ಬಲಕ್ಕೆ ಎರಡೂ ಬದಿಯಲ್ಲಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಒಟ್ಟು 60ರಲ್ಲಿ 48ಕ್ಕಿಂತ ಕಡಿಮೆಯಾದರೆ ಐಸಿಯು ನಿಶ್ಶಕ್ತಿ ಎನ್ನುತ್ತಾರೆ. ಆ ಅಂಕ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ, ಮನೆಗೆ ಬಂದ ಮೇಲಿನ ಚಿಕಿತ್ಸೆಗೆ ಬೇಕಾಗುತ್ತದೆ. ಈ ನಿಶ್ಶಕ್ತಿ ಸಾಮಾನ್ಯವಾಗಿ ಎರಡೂ ಬದಿಗೆ ಸಮನಾಗಿರುತ್ತದೆ. ಒಂದೇ ಬದಿಯ ಕೈಕಾಲು ಸೋತಿದ್ದರೆ, ಬಾಯಿ ಓರೆಯಾಗಿದ್ದರೆ ಅದು ಪಾರ್ಶ್ವವಾಯು ಇರಬಹುದು, ಆ ಕ್ಷಣವೇ ವೈದ್ಯರನ್ನು ಕರೆಯಿರಿ.