‘ರನ್’ ಪದಕ್ಕೆ 645 ಅರ್ಥಗಳೇ?

ಮಾನ್ಯರೇ,

ಇಂಗ್ಲಿಷಿನ ‘ರನ್’ ಕ್ರಿಯಾಪದಕ್ಕೆ 645 ಅರ್ಥಗಳಿವೆಯೆಂದು ಓದಿ ಗಾಬರಿಗೊಂಡ ತಾವು, ಇಷ್ಟನ್ನು ಮಕ್ಕಳಿಗೆ ಕಲಿಸುವುದು ಹೇಗೆ, ಇದರೆದುರು ಕನ್ನಡ ಬಡಭಾಷೆಯೇ ಎಂದು ಕೇಳಿದ್ದೀರಿ. ಸಂಖ್ಯೆಯೇನೋ ನಿಜ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ ಪೀಟರ್ ಗಿಲಿವರ್ ಅವರು ಈ ಒಂದು ಪದದ ಮೇಲೆಯೇ ಒಂಬತ್ತು ತಿಂಗಳು ದುಡಿದರು. 2011ರಲ್ಲಿ ಸುದ್ದಿಯಾದದ್ದು ಅವರ ಲೆಕ್ಕ. ಅದಕ್ಕೆ ಮೊದಲು, 1989ರ ಆವೃತ್ತಿಯಲ್ಲಿ, ಸುಮಾರು 430 ಅರ್ಥಗಳ ‘ಸೆಟ್’ ಮುಂದಿತ್ತು. ಆದರೆ ಆ ನಿಘಂಟು ಬಳಕೆಯಲ್ಲಿ ಎಳೆಯಷ್ಟು ವ್ಯತ್ಯಾಸ ಕಂಡರೂ ಬೇರೆ ಅರ್ಥವೆಂದು ದಾಖಲಿಸುತ್ತದೆ, ಬಳಕೆ ತಪ್ಪಿಹೋದವನ್ನೂ ಕೈಬಿಡುವುದಿಲ್ಲ ಎಂಬುದನ್ನು ಮರೆಯಬಾರದು.

ಈ ಪದ ಇಷ್ಟು ಹಿಗ್ಗಿದ್ದಕ್ಕೆ ಅದರ ಹುಟ್ಟಿನಲ್ಲೇ ಒಂದು ಕಾರಣವಿದೆ. ಹಳೆಯ ಇಂಗ್ಲಿಷಿನಲ್ಲಿ ತಾನೇ ಓಡುವುದಕ್ಕೊಂದು, ಓಡಿಸುವುದಕ್ಕೊಂದು ಎಂದು ಬೇರೆ ಬೇರೆ ಕ್ರಿಯಾಪದಗಳಿದ್ದು, ಕಾಲಕ್ರಮದಲ್ಲಿ ಅವು ಬೆರೆತು ಒಂದಾದವು. ನಾವು ‘ಇಸು’ ಪ್ರತ್ಯಯ ಹಚ್ಚಿ ಬೇರ್ಪಡಿಸುವುದನ್ನು ಅವರು ಒಂದೇ ರೂಪದಲ್ಲಿ ಹೇಳುವುದರಿಂದ ಕುದುರೆಯೂ ‘ರನ್’ ಮಾಡುತ್ತದೆ, ಯಜಮಾನನೂ ಹೋಟೆಲನ್ನು ‘ರನ್’ ಮಾಡುತ್ತಾನೆ. ಮುಂದೆ ಎಂಜಿನ್ನು, ರೈಲು, ಕಂಪ್ಯೂಟರಿನ ಪ್ರೋಗ್ರಾಮುಗಳೂ ಇದರ ಲೆಕ್ಕಕ್ಕೆ ಸೇರಿದವು. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡಿದರೆ ಬ್ರಿಟನ್ನಿನ ಅಭ್ಯರ್ಥಿ ನಮ್ಮವರಂತೆಯೇ ನಿಲ್ಲುತ್ತಾನೆ. (ಸೋತ ಮೇಲಿನ ಪಾಡು ಇಬ್ಬರದೂ ಒಂದೇ.)

ಇನ್ನು ಬಡತನದ ಮಾತು. ಮೂಗು ಸೋರುತ್ತದೆ, ಸೀರೆ ಬಣ್ಣ ಬಿಡುತ್ತದೆ, ಹೊಳೆ ಹರಿಯುತ್ತದೆ, ಬಸ್ಸು ಓಡುತ್ತದೆ. ಇಂಗ್ಲಿಷಿಗೆ ‘ರನ್’ ಒಂದೇ ಸಾಕಾಗುವಲ್ಲಿ ಕನ್ನಡ ಕೆಲಸಕ್ಕೊಂದು ಪದ ಇಟ್ಟುಕೊಂಡಿದೆ. ಒಂದೇ ಪದದಿಂದ ಹಲವು ಕೆಲಸ ತೆಗೆಯುವುದು ನಮಗೂ ಹೊಸದಲ್ಲ: ಗಂಟೆ, ಗೊರಕೆ, ಹರಟೆ, ಗೋಡೆಗೆ ಸುಣ್ಣ, ಕೊನೆಗೆ ಲಾಟರಿ, ಎಲ್ಲಕ್ಕೂ ‘ಹೊಡೆ’ಯೇ ಆಗುತ್ತದೆ. ಅರ್ಥಗಳ ಎಣಿಕೆಯಿಂದ ಭಾಷೆಯ ಸಿರಿವಂತಿಕೆಯನ್ನು ಅಳೆಯುವುದು ನನಗೆ ಒಪ್ಪಿಗೆಯಿಲ್ಲ.

ಮಕ್ಕಳಿಗೆ ದಯವಿಟ್ಟು ಪಟ್ಟಿ ಬಾಯಿಪಾಠ ಮಾಡಿಸಬೇಡಿ. ಅರ್ಥವನ್ನು ನಿರ್ಧರಿಸುವುದು ಹೆಚ್ಚಾಗಿ ಪಕ್ಕದ ಪದ. ಕ್ರಿಕೆಟ್ಟಿನ ದೆಸೆಯಿಂದ ‘ರನ್ ಔಟ್’ ಎಂದೊಡನೆ ನಮ್ಮ ಹುಡುಗರಿಗೆ ಸ್ಟಂಪು ಕಾಣುತ್ತದೆ. ಮನೆಯಲ್ಲಿ ಅಕ್ಕಿ ಮುಗಿದುಹೋದರೂ ಅದೇ ಮಾತು ಬರುತ್ತದೆಂದು ವಾಕ್ಯದಲ್ಲಿಟ್ಟು ತೋರಿಸಿ, ಸಾಕು.

ತಾವು ಲಗತ್ತಿಸಿರುವ ಕರಪತ್ರದ ‘ಈ ರಿಯಾಯಿತಿ ಮಾರ್ಚ್ ಕೊನೆಯವರೆಗೆ ಓಡುತ್ತದೆ’ ಎಂಬ ವಾಕ್ಯ ‘ರನ್’ ಪದದ ಕುರುಡು ಅನುವಾದ. ‘ಮಾರ್ಚ್ ಕೊನೆಯವರೆಗೆ ಇರುತ್ತದೆ’ ಎಂದು ತಿದ್ದಿಕೊಳ್ಳಬಹುದು.

– ಸಂ.