ಗೂಗಲ್ ತಾನೇ ಉತ್ತರ ಕೊಟ್ಟರೆ ನಮ್ಮ ವೆಬ್‌ಸೈಟ್‌ಗೆ ಯಾರು ಬರುತ್ತಾರೆ?

ಪ್ರಶ್ನೆ: ಸರ್, ಬಸವನಗುಡಿಯಲ್ಲಿ ನಮ್ಮದು ಮರದ ಗಾಣದ ಎಣ್ಣೆ ಅಂಗಡಿ. 2019ರಲ್ಲಿ ವೆಬ್‌ಸೈಟ್ ಮಾಡಿಸಿದೆವು. ‘ಕೊಬ್ಬರಿ ಎಣ್ಣೆಯ 10 ಉಪಯೋಗಗಳು’ ಥರದ ಲೇಖನಗಳಿಂದಲೇ ಜನ ಜಾಸ್ತಿ ಬರುತ್ತಿದ್ದರು. ಒಂದು ವರ್ಷದಿಂದ ಬರುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸ, ಮಾಡುವವರೊಬ್ಬರು ತಿಂಗಳಿಗೆ 18 ಸಾವಿರ ಕೇಳುತ್ತಿದ್ದಾರೆ. 500 ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಮ್ಮ ಸೈಟ್‌ಗೆ ಲಿಂಕ್), ಜೊತೆಗೆ ಎಐ ಬರೆದ 60 ಲೇಖನ ಕೊಡುತ್ತಾರಂತೆ. ದುಡ್ಡು ಹಾಕಬಹುದಾ?

ಉತ್ತರ: ಬೇಡ. ಆ ದುಡ್ಡು ನಿಮ್ಮ ಹತ್ತಿರವೇ ಇರಲಿ. ಯಾಕೆ ಅಂತ ಹೇಳುತ್ತೇನೆ, ಅದಕ್ಕೂ ಮೊದಲು ಏನಾಗಿದೆ ಅಂತ ನೋಡೋಣ.

ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗಿದೆ ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ಪುಕ್ಕಟೆ ಸಿಗುತ್ತದೆ, 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಕಳೆದ ಮೂರು ತಿಂಗಳನ್ನು ಹೋದ ವರ್ಷದ ಅದೇ ಮೂರು ತಿಂಗಳ ಪಕ್ಕದಲ್ಲಿಟ್ಟು ನೋಡಿ. ವಾರಕ್ಕೆ ವಾರ ಹೋಲಿಸಬೇಡಿ. ನಿಮ್ಮ ವ್ಯಾಪಾರದಲ್ಲಿ ದೀಪಾವಳಿಯ ಎಣ್ಣೆ ಸ್ನಾನ ದೊಡ್ಡ ಸೀಸನ್ ಅಲ್ವಾ? 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೆ ಬಂತು, 2025ರಲ್ಲಿ 20ಕ್ಕೇ ಬಂತು. ಇದನ್ನು ಮರೆತರೆ ಸುಮ್ನೆ ಗಾಬರಿಯಾಗುತ್ತದೆ.

ಅಲ್ಲಿ ಎರಡು ಅಂಕಿ ಮುಖ್ಯ. ಇಂಪ್ರೆಶನ್ ಅಂದರೆ ನಿಮ್ಮ ಪುಟ ಎಷ್ಟು ಸಲ ಕಾಣಿಸಿತು ಅಂತ. ಕ್ಲಿಕ್ ಅಂದರೆ ಎಷ್ಟು ಸಲ ಒತ್ತಿ ಒಳಗೆ ಬಂದರು ಅಂತ. ಎರಡೂ ಬಿದ್ದಿದ್ದರೆ ನಿಮ್ಮ ಪುಟ ಕೆಳಗೆ ಇಳಿದಿರಬಹುದು, ಇಲ್ಲವೇ ಸೈಟ್‌ನಲ್ಲೇ ಏನೋ ಕೆಟ್ಟಿರಬಹುದು. ಇಂಪ್ರೆಶನ್ ಹಾಗೇ ಇದ್ದು ಕ್ಲಿಕ್ ಮಾತ್ರ ಬಿದ್ದಿದ್ದರೆ ಕಥೆ ಬೇರೆ. ಜನ ನಿಮ್ಮನ್ನು ನೋಡುತ್ತಿದ್ದಾರೆ, ಆದರೆ ಉತ್ತರ ಅಲ್ಲೇ ಮೇಲೆ ಸಿಕ್ಕಿಬಿಡುತ್ತಿದೆ. ಹೀಗೆ ಫಲಿತಾಂಶದ ಮೇಲೆ ಎಐ ಬರೆದ ಉತ್ತರ ತೋರಿಸುವ ಗೂಗಲ್‌ನ ಎಐ ಓವರ್‌ವ್ಯೂ ಭಾರತಕ್ಕೆ ಬಂದದ್ದು 2024ರ ಆಗಸ್ಟ್‌ನಲ್ಲಿ. ನೀವು ಬರೆದದ್ದನ್ನು ಕೇಳಿದರೆ ನಿಮ್ಮದೂ ಇದೇ ಇರಬೇಕು ಅನ್ನಿಸುತ್ತದೆ.

ಈಗ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ‘10 ಉಪಯೋಗಗಳು’ ಓದಲು ಬಂದವರಲ್ಲಿ ಎಷ್ಟು ಜನ ಎಣ್ಣೆ ಕೊಂಡರು? ಎಲ್ಲೋ ದೂರದ ಊರಲ್ಲಿ ಕೂತು ಓದಿ ಹೋದವರೇ ಹೆಚ್ಚು ಇದ್ದಿರಬಹುದು. ಸರ್ಚ್ ಕನ್ಸೋಲ್‌ನ ಕ್ವೆರಿ ಪಟ್ಟಿಯಲ್ಲಿ (ಜನ ಹುಡುಕಿದ ಪದಗಳ ಪಟ್ಟಿ) ನಿಮ್ಮ ಅಂಗಡಿಯ ಹೆಸರು, ‘ಬಸವನಗುಡಿ’, ‘ಹತ್ತಿರ’, ‘ರೇಟು’ ಇರುವ ಹುಡುಕಾಟಗಳನ್ನು ಮಾತ್ರ ಬೇರೆ ಮಾಡಿ ನೋಡಿ. ಅವು ಬಿದ್ದಿಲ್ಲವಾದರೆ ನಿಮ್ಮ ವ್ಯಾಪಾರ ಗಟ್ಟಿಯಾಗೇ ಇದೆ.

ಇನ್ನು ಆ 500 ಲಿಂಕ್ ವಿಷಯ. 1998ರಲ್ಲಿ ಗೂಗಲ್ ಶುರುವಾದಾಗ ಅದರ ಬಂಡವಾಳವೇ ಲಿಂಕ್. ಒಬ್ಬರು ಇನ್ನೊಬ್ಬರಿಗೆ ಲಿಂಕ್ ಕೊಟ್ಟರೆ ಅದನ್ನು ಸಾಕ್ಷಿ ಹೇಳಿದ ಹಾಗೆ ಎಣಿಸುತ್ತಿತ್ತು. ದುಡ್ಡು ಕೊಟ್ಟು ಸಾಕ್ಷಿ ಹೇಳಿಸುವವರು ಬೇಗ ಹುಟ್ಟಿಕೊಂಡರು. ನಾನೂ 2011ರಲ್ಲಿ ಒಬ್ಬ ಗ್ರಾಹಕರಿಗೆ ಲಿಂಕ್ ಕೊಂಡು ಹಾಕಿಸಿದ್ದೆ. 2012ರ ಏಪ್ರಿಲ್‌ನಲ್ಲಿ ಗೂಗಲ್‌ನ ರ್‍ಯಾಂಕ್ ಲೆಕ್ಕಾಚಾರಕ್ಕೆ ಪೆಂಗ್ವಿನ್ ಅನ್ನುವ ಬದಲಾವಣೆ ಬಂತು. ಅವರ ಸೈಟ್ ಮೊದಲ ಪುಟದಿಂದ ಕಾಣೆಯಾಯಿತು. ಒಂದೊಂದೇ ಸೈಟ್‌ನವರಿಗೆ ಪತ್ರ ಬರೆದು ಲಿಂಕ್ ತೆಗೆಸಿ ಎಂದು ಬೇಡಿಕೊಂಡಿದ್ದು ಇವತ್ತಿಗೂ ನೆನಪಿದೆ. ಆ ಮನುಷ್ಯರ ಮುಂದೆ ಕೂತು ತಪ್ಪು ನನ್ನದು ಎಂದು ಹೇಳಬೇಕಾಯಿತು. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. 2016ರ ನಂತರ ಪೆಂಗ್ವಿನ್ ಇಂಥ ಲಿಂಕ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಡುತ್ತದೆ. ಅಂದರೆ ದುಡ್ಡು ಸೀದಾ ನೀರಿಗೆ. ಗೂಗಲ್‌ನವರು ಪರಿಶೀಲಿಸಿ ಕ್ರಮ ತೆಗೆದುಕೊಂಡರೆ ಸೈಟ್‌ಗೇ ಏಟು.

60 ಲೇಖನದ ಗತಿಯೂ ಅದೇ. ಎಐ ಬಳಸಿದ್ದೇ ತಪ್ಪು ಅಂತ ಗೂಗಲ್‌ನ ಈಗಿನ ನಿಯಮ ಹೇಳುವುದಿಲ್ಲ. ಆದರೆ ರ್‍ಯಾಂಕ್‌ಗೋಸ್ಕರ ರಾಶಿ ರಾಶಿ ಪುಟ ಸುರಿಯುವುದು 2024ರ ಮಾರ್ಚ್‌ನಿಂದ ನೇರವಾಗಿ ಅದರ ಸ್ಪ್ಯಾಮ್ ಪಟ್ಟಿಯಲ್ಲಿದೆ. ಮನುಷ್ಯ ಬರೆದರೂ ಅಷ್ಟೇ, ಯಂತ್ರ ಬರೆದರೂ ಅಷ್ಟೇ. ಮತ್ತೆ, ಎಲ್ಲರಿಗೂ ಗೊತ್ತಿರುವುದನ್ನು ನೀವು 61ನೇ ಸಲ ಬರೆದರೆ ಯಾರು ಯಾಕೆ ಓದಬೇಕು?

ನಿಮಗೊಬ್ಬರಿಗೇ ಗೊತ್ತಿರುವುದನ್ನು ಬರೆಯಿರಿ. ಕೊಬ್ಬರಿ ತಿಪಟೂರಿನದ್ದಾ? ಕಡಲೆಬೀಜ ಚಳ್ಳಕೆರೆ ಕಡೆಯದ್ದಾ? ಎಷ್ಟು ಕೆಜಿ ಹಾಕಿದರೆ ಎಷ್ಟು ಲೀಟರ್ ಬರುತ್ತದೆ? ಹಿಂಡಿಯನ್ನು ಯಾರಿಗೆ ಕೊಡುತ್ತೀರಿ? ಎಣ್ಣೆಯ ತಳದಲ್ಲಿ ಮಡ್ಡಿ ನಿಂತರೆ ಕೆಟ್ಟಿದೆಯಾ, ಇಲ್ಲವಾ? ಗ್ರಾಹಕರು ಕೌಂಟರ್‌ನಲ್ಲಿ ದಿನಾ ಕೇಳುವ ಪ್ರಶ್ನೆಗಳು ಇವು. ಒಂದು ವಾರ ಗಲ್ಲಾಪೆಟ್ಟಿಗೆ ಪಕ್ಕ ನೋಟ್‌ಬುಕ್ ಇಟ್ಟು ಬರೆದುಕೊಳ್ಳಿ, 20 ಒಳ್ಳೆಯ ಪುಟಕ್ಕೆ ಸರಕು ಸಿಗುತ್ತದೆ. ಗಾಣ ತಿರುಗುವ ಫೋಟೊ ನೀವೇ ತೆಗೆಯಿರಿ. ಇವತ್ತಿನ ರೇಟು ಹಾಕಿ. ಎಐ ಉತ್ತರ ಕೂಡ ಮಾಹಿತಿಯನ್ನು ಎಲ್ಲಿಂದಲೋ ಎತ್ತಲೇಬೇಕಲ್ಲ. ಬೇರೆಲ್ಲೂ ಸಿಗದ ವಿವರ ನಿಮ್ಮ ಪುಟದಲ್ಲಿದ್ದರೆ ನಿಮ್ಮ ಲಿಂಕ್ ಅಲ್ಲಿ ಬರುವ ಸಾಧ್ಯತೆ ಇದೆ.

ಇನ್ನು ಹತ್ತಿರದ ಅಂಗಡಿ ಹುಡುಕುವವರ ವಿಷಯ. ನಕ್ಷೆಯ (ಮ್ಯಾಪ್) ಫಲಿತಾಂಶಕ್ಕೆ ಗೂಗಲ್ ಮೂರು ಸಂಗತಿ ನೋಡುತ್ತದೆ: ಕೇಳಿದ್ದಕ್ಕೆ ಹೊಂದುತ್ತದೆಯಾ, ಎಷ್ಟು ದೂರ ಇದೆ, ಅಂಗಡಿಗೆ ಎಷ್ಟು ಹೆಸರಿದೆ. ಹಳೇ ಪೇಟೆಯಲ್ಲಿ ಅಕ್ಕಿಪೇಟೆ, ಬಳೆಪೇಟೆ, ಗಾಣಿಗರಪೇಟೆ ಅಂದರೆ ಸಾಕಿತ್ತು, ಜನ ಸೀದಾ ಬರುತ್ತಿದ್ದರು. ಈಗ ಆ ಕೆಲಸ ಮಾಡುವುದು ಗೂಗಲ್‌ನಲ್ಲಿ ಅಂಗಡಿಯ ವಿವರ ತೋರಿಸುವ ಬಿಸಿನೆಸ್ ಪ್ರೊಫೈಲ್. ಸರಿಯಾದ ವರ್ಗ, ಹಬ್ಬದ ದಿನದ ಸಮಯ, ಫೋನ್ ನಂಬರ್ ಎಲ್ಲ ನೋಡಿಕೊಳ್ಳಿ. ರಿವ್ಯೂಗೆ ಉತ್ತರ ಬರೆಯಿರಿ, ದುಡ್ಡು ಕೊಟ್ಟು ಬರೆಸಬೇಡಿ. ವೈಟ್‌ಫೀಲ್ಡ್‌ನಲ್ಲಿ ಕೂತು ಹುಡುಕುವವರಿಗೆ ನಿಮ್ಮನ್ನೇ ಮೊದಲು ತೋರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವೇಗದ ಬಗ್ಗೆ ಇಷ್ಟು ಸಾಕು: ಪುಟದ ಮುಖ್ಯ ಭಾಗ ಮೊಬೈಲ್‌ನಲ್ಲಿ 2.5 ಸೆಕೆಂಡಿನೊಳಗೆ ಕಾಣಬೇಕು. ದೊಡ್ಡ ದೊಡ್ಡ ಬ್ಯಾನರ್ ಚಿತ್ರಗಳನ್ನು ಸಣ್ಣದು ಮಾಡಿಸಿ. ಮತ್ತೆ, ಎಸ್‌ಇಒದವರ ಕೊಟೇಶನ್‌ನಲ್ಲಿ ‘ಮೆಟಾ ಕೀವರ್ಡ್ಸ್’ (ಪುಟದ ಕೋಡ್‌ನೊಳಗೆ ಬಚ್ಚಿಡುವ ಪದಗಳ ಪಟ್ಟಿ) ಅಂತ ಒಂದು ಸಾಲಿದ್ದರೆ ಗಮನಿಸಿ. ರ್‍ಯಾಂಕ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಯಲಹಂಕದಲ್ಲಿದ್ದೇನೆ. ಹದಿನೈದು ವರ್ಷದಿಂದ ತಾರಸಿ ತೋಟದ ಬಗ್ಗೆ ನನ್ನ ಸೈಟ್‌ನಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ಬರಹವನ್ನು ಎಐ ಎತ್ತಿಕೊಂಡು ಉತ್ತರ ಕೊಡುವುದನ್ನು ತಡೆಯಬಹುದೇ? ಅಥವಾ ಎಐಗೆ ಅಂತಲೇ ಬೇರೆ ಫೈಲ್ ಮಾಡಬೇಕೇ?

ಉತ್ತರ: ಮೇಡಂ, ಗೂಗಲ್‌ನ ಎಐ ಉತ್ತರಗಳಲ್ಲಿ ಬರಲು ವಿಶೇಷ ಫೈಲ್ ಏನೂ ಬೇಕಿಲ್ಲ ಎಂದು ಗೂಗಲ್ಲೇ ಹೇಳಿದೆ. ತಡೆಯಲು ‘ನೋ ಸ್ನಿಪೆಟ್’ ಅನ್ನುವ ಸೂಚನೆ ಇದೆ. ಆದರೆ ಅದನ್ನು ಹಾಕಿದರೆ ಮಾಮೂಲಿ ಫಲಿತಾಂಶದಲ್ಲಿ ನಿಮ್ಮ ಲಿಂಕ್ ಕೆಳಗೆ ಬರುವ ಎರಡು ಸಾಲಿನ ವಿವರವೂ ಹೋಗುತ್ತದೆ. ನನಗೆ ಅದು ಲುಕ್ಸಾನು ಅನ್ನಿಸುತ್ತದೆ. ಚಾಟ್‌ಜಿಪಿಟಿ ವಿಷಯದಲ್ಲಿ ಬಾಗಿಲು ಎರಡಿವೆ. ಎಐ ತರಬೇತಿಗೆ ಬರಹ ಒಯ್ಯುವುದು ಜಿಪಿಟಿಬಾಟ್ ಅನ್ನುವ ತಂತ್ರಾಂಶ. ಹುಡುಕಾಟದಲ್ಲಿ ತೋರಿಸಲು ಬರುವುದು ಓಎಐ-ಸರ್ಚ್‌ಬಾಟ್. ನಿಮ್ಮ ಸೈಟ್‌ನ ರೋಬಾಟ್ಸ್ ಫೈಲ್‌ನಲ್ಲಿ (ಇಂಥ ತಂತ್ರಾಂಶಗಳಿಗೆ ಯಾರು ಬರಬಹುದು, ಬರಬಾರದು ಎಂದು ಹೇಳುವ ಕಡತ) ಮೊದಲನೆಯದನ್ನು ತಡೆದು ಎರಡನೆಯದನ್ನು ಬಿಡಬಹುದು.

ನನಗೆ ಅದಕ್ಕಿಂತ ಜಾಸ್ತಿ ಚಿಂತೆ ನಿಮ್ಮ ಹಳೆಯ ಬರಹಗಳದ್ದು. ಆ ಕಾಲದಲ್ಲಿ ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿ ಹಾಕಿದ್ದು ಎಷ್ಟೋ ಕಡೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ, ಆಗಿರಲಿಲ್ಲ. ಫಾಂಟ್ ಇದ್ದವರ ಕಣ್ಣಿಗೆ ಅದು ಕನ್ನಡ, ಸರ್ಚ್ ಎಂಜಿನ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪು. ಕರಿಬೇವಿನ ಎಲೆ ಹಳದಿಯಾಗುವುದು ಯಾಕೆ ಅಂತ ನೀವು ಎಷ್ಟು ಚೆನ್ನಾಗಿ ಬರೆದಿದ್ದರೂ ಹುಡುಕುವವರಿಗೆ ಸಿಗುವುದಿಲ್ಲ. ಹಳೆಯ ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಮನೆಯವರಿಗೆ ಕಳಿಸಿ ನೋಡಿ. ಕನ್ನಡದಲ್ಲೇ ಹೋದರೆ ಸರಿ. ಇಲ್ಲದಿದ್ದರೆ ಯೂನಿಕೋಡ್‌ಗೆ ಬದಲಿಸಿ ಅದೇ ಪುಟದಲ್ಲಿ, ಅದೇ ವಿಳಾಸದಲ್ಲಿ ಹಾಕಿ. ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಕೆಲವು ಸಲ ತಪ್ಪಾಗಿ ಬರುತ್ತವೆ, ಹಾಕುವ ಮೊದಲು ಒಮ್ಮೆ ಓದಿ ತಿದ್ದಿಕೊಳ್ಳಿ.